ಆಪ್ತಸಾರಥಿ: ಪರದೇಶದಲ್ಲಿ ವಾಹನಚಾಲನೆಯ ಅನುಮತಿಯನ್ನು ಕುರಿತು ಒಂದು ವಿಚಾರ

ಒಂದು ದೇಶದ ಪ್ರಜೆಯು ಮತ್ತೊಂದು ದೇಶದಲ್ಲಿ ವಾಸಮಾಡುತ್ತ ಅಲ್ಲಿಯ ಹಾದಿಯಲ್ಲಿ ವಾಹನವನ್ನು ನಡೆಸಬೇಕಾದರೆ ಆ ದೇಶದ ಸರಕಾರದಿಂದ ಅನುಮತಿಪತ್ರವನ್ನು, ಎಂದರೆ ಲೋಕರೂಢಿಯಲ್ಲಿ ಲೈಸೆನ್ಸ್ ಎಂಬುದನ್ನು, ಪಡೆಯಬೇಕಾಗಿರುವುದಷ್ಟೆ. ಇದು ಮೋಟಾರು ಗಾಡಿಯೊಡನೆ ಹುಟ್ಟಿದ ಹೊಸ ಕಟ್ಟಲೆಯೆಂದು ಸಾಮಾನ್ಯವಾಗಿ ಭಾವಿಸುವರು. ವಿಚಾರಿಸಿ ನೋಡಿದರೆ ಇದರಲ್ಲಿ ಎರಡು ಪ್ರಾಚೀನ ಪ್ರಶ್ನೆಗಳು ಒಂದುಗೂಡಿರುವುವು. ಹೊರಗಿನಿಂದ ಬಂದವನು ನಾಡಿನ ಹಾದಿಯಲ್ಲಿ ಸಂಚರಿಸುವುದಕ್ಕೆ ಯಾರ ಅಪ್ಪಣೆ ಬೇಕು ಎಂಬುದು ಮೊದಲನೆಯದು. ವಾಹನವನ್ನು ನಡೆಸುವವನಿಗೆ ಅದಕ್ಕೆ ತಕ್ಕ ಕೌಶಲವುಂಟೆ ಎಂಬುದು ಎರಡನೆಯದು. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿಗೂ ಅಲ್ಲಿಂದ ಬೀದರ, ಕಲ್ಯಾಣಗಳಿಗೂ ಹೋಗುವ ಹಾದಿಯ ಪ್ರಾಂತದಲ್ಲಿ ಈ ಎರಡು ಪ್ರಶ್ನೆಗಳೂ ಬೇರೆಬೇರೆ ಕಾಲಗಳಲ್ಲಿ ಎದ್ದಿರುವುದರಿಂದ ಆ ಪ್ರಾಂತದ ಚರಿತ್ರೆಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದೇ ಪ್ರಕೃತ ಲೇಖನದ ಉದ್ದೇಶವು.

೧

೧೯೦೯ರಲ್ಲಿ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಸ್ತಾಪವಿದೆ. ಒಂದು ಮಾಷಕವನ್ನು ತೆತ್ತು ಇವನಿಂದ ಮುದ್ರೆಯನ್ನು ಪಡೆದವನೇ ಜನಪದವನ್ನು ಹೊಗಬಹುದು ಅಥವಾ ಬಿಡಬಹುದು. ಮುದ್ರೆಯಿಲ್ಲದ ಸ್ವದೇಶೀಯನಿಗೆ ಹನ್ನೆರಡು ಪಣ ದಂಡ; ಅವನು ಕಳ್ಳಮುದ್ರೆಯನ್ನು ತೋರಿದರೆ ಪೂರ್ವಸಾಹಸದಂಡ; ತಿರೋಜನಪದನಿಗೆ, ಎಂದರೆ ಪರದೇಶೀಯನಿಗೆ, ಉತ್ತಮಸಾಹಸದಂಡ. ನಾಡಿನವನಿಗೂ ಹೊರಗಿನವನಿಗೂ ದಂಡದಲ್ಲಿ ತಾರತಮ್ಯವನ್ನು ಮಾಡಿರುವುದು ಇಲ್ಲಿ ಗಮನಾರ್ಹವಾಗಿದೆ. ಈ ಮುದ್ರೆಯು ಇಂದಿನ ಪಾಸ್‌ಪೋರ್ಟಿಗೆ ಸಮಾನವೇ ಹೊರತು ಚಾಲನಪತ್ರಕ್ಕೆ ಸಮಾನವಲ್ಲ.

ಚಾಲಕನ ವಿಷಯವನ್ನು ಅದೇ ಗ್ರಂಥವು ಬೇರೆಯೊಂದು ಅಧಿಕರಣದಲ್ಲಿ ಹೇಳುತ್ತದೆ. ಬಾಲಕನು ನಡೆಸುವ ಗಾಡಿಯಿಂದ ಅಪಾಯವಾದರೆ ಅದರಲ್ಲಿ ಕುಳಿತ ಒಡೆಯನೇ ದಂಡಾರ್ಹನು. ಒಡೆಯನಿಲ್ಲದಿದ್ದರೆ ಗಾಡಿಯಲ್ಲಿರುವವನು, ಇಲ್ಲವೆ ವ್ಯವಹಾರಪ್ರಾಪ್ತನಾದ, ಎಂದರೆ ವಯಸ್ಸು ತುಂಬಿದ ಸಾರಥಿಯು ದಂಡಾರ್ಹನು. ಬಾಲಕನ ಕೈಯಲ್ಲಿರುವ ಅಥವಾ ಆಳಿಲ್ಲದ ಗಾಡಿಯನ್ನು ರಾಜನು ವಶಪಡಿಸಿಕೊಳ್ಳಬಹುದು. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಇನ್ನೂ ಮುಂದೆ ಹೋಗುತ್ತದೆ. ಸಾರಥಿಯ ಅಸಾಮರ್ಥ್ಯದಿಂದ ಗಾಡಿಯು ದಾರಿತಪ್ಪಿ ಹಿಂಸೆಯಾದರೆ ಒಡೆಯನಿಗೆ ಇನ್ನೂರು ಪಣ. ಸಾರಥಿಯು ಆಪ್ತನಾಗಿದ್ದರೆ ಅವನಿಗೇ ದಂಡ. ಅನಾಪ್ತನಾಗಿದ್ದರೆ ಗಾಡಿಯಲ್ಲಿ ಕುಳಿತವರೆಲ್ಲರಿಗೂ ನೂರು ನೂರು. ಆಪ್ತನೆಂದರೆ ನಂಬಿಕೆಗೆ ಪಾತ್ರನೆಂದು ಪ್ರಸಿದ್ಧಾರ್ಥವು. ಕುಲ್ಲೂಕಭಟ್ಟನಾದರೋ ಇಲ್ಲಿ ಕುಶಲನೆಂದು ಅರ್ಥಮಾಡುತ್ತಾನೆ. ಕುಶಲನಾದುದರಿಂದಲೇ ನಂಬತಕ್ಕವನು ಎಂಬುದು ಭಾವವಾಗಿರಬೇಕು. ಈ ಶಬ್ದದ ಎರಡು ಅರ್ಥಗಳನ್ನು ವಾಚಕರು ಮನಸ್ಸಿನಲ್ಲಿಡಬೇಕೆಂದು ಕೋರುವೆನು.

ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆದುದು ಯಾಜ್ಞವಲ್ಕ್ಯಸ್ಮೃತಿಯ ಮೇಲೆ. ಮೂಗುದಾರ ಹರಿದು, ನೊಗ ಮುರಿದು, ಅಥವಾ ಗಾಡಿ ಹಿಂದಕ್ಕೆ ಸರಿದು ಕೇಡಾದರೆ ಒಡೆಯನಿಗೆ ದೋಷವಿಲ್ಲವೆಂದು ಆ ಸ್ಮೃತಿಯು ವಿಧಿಸುತ್ತದೆ. ಈ ಧರ್ಮಶಾಸ್ತ್ರವಚನಗಳಲ್ಲಿ ಸಾರಥಿಯ ದೇಶವನ್ನಾಗಲಿ ಕುಲವನ್ನಾಗಲಿ ಕೇಳಿಲ್ಲ. ವಯಸ್ಸು, ಕೌಶಲ, ಗಾಡಿಯ ಸ್ಥಿತಿ, ಇಷ್ಟನ್ನೇ ಕೇಳಿದೆ.

೨

ಪರದೇಶೀಯನೆಂದರೆ ಯಾರು ಎಂಬ ಪ್ರಶ್ನೆಯು ಕಲಬುರಗಿಯಲ್ಲಿ ತೀವ್ರವಾಗಿ ಎದ್ದುದು ಬಹಮನಿ ಸುಲ್ತಾನರ ಕಾಲದಲ್ಲಿ. ೧೩೪೭ರಲ್ಲಿ ಸ್ಥಾಪಿತವಾದ ಈ ರಾಜ್ಯದ ರಾಜಧಾನಿಯಾಗಿದ್ದ ಕಲಬುರಗಿಗೆ ಇರಾನ, ಅರಬಸ್ತಾನ ಮುಂತಾದ ಕಡೆಗಳಿಂದ ವಿದ್ವಾಂಸರೂ ಯೋಧರೂ ವರ್ತಕರೂ ಬರುತ್ತಿದ್ದರು. ಫಿರೋಜ ಶಹನು (೧೩೯೭-೧೪೨೨) ಪ್ರತಿಭಾಶಾಲಿಗಳನ್ನು ಕರೆತರುವುದಕ್ಕಾಗಿ ವರ್ಷವರ್ಷವೂ ಹಡಗುಗಳನ್ನು ಕಳುಹಿಸುತ್ತಿದ್ದನೆಂದು ಫರಿಷ್ತನು ಬರೆದಿರುವನು. ಹೀಗೆ ಬಂದವರು ಆಫಾಕಿಗಳೆನಿಸಿದರು; ಮೊದಲೇ ನೆಲೆಸಿದ್ದವರು ದಖ್ಖನಿಗಳೆನಿಸಿದರು. ರಾಜಧಾನಿಯು ಬೀದರಿಗೆ ಹೋದ ಮೇಲೂ ಈ ಕಲಹವು ನಿಲ್ಲಲಿಲ್ಲ. ಗೀಲಾನ ದೇಶದಿಂದ ಬಂದು ಮಂತ್ರಿಪದವಿಗೇರಿದ ಮಹಮೂದ ಗವಾನನು ೧೪೮೧ರಲ್ಲಿ ವಧೆಗೆ ಗುರಿಯಾದುದು ಇದರ ಪರಿಣಾಮವೇ. ಅವನ ಕೌಶಲದಲ್ಲಿ ವೈರಿಗಳಿಗೂ ಸಂಶಯವಿರಲಿಲ್ಲ; ನಂಬಿಕೆಯು ಮಾತ್ರ ಕಡೆಯವರೆಗೆ ಉಳಿಯಲಿಲ್ಲ.

ನಿಜಾಮರ ಆಳಿಕೆಯಲ್ಲಿ ಇದೇ ಪ್ರಶ್ನೆಯು ಮುಲ್ಕಿ, ಗೈರಮುಲ್ಕಿ ಎಂಬ ಹೆಸರಿನಿಂದ ಮತ್ತೆ ಎದ್ದಿತು. ೧೯೧೯ರ ನಿಯಮಗಳ ಮೇರೆಗೆ ಹೊರಗಿನಿಂದ ಬಂದವನು ಮುಲ್ಕಿಯೆನಿಸಬೇಕಾದರೆ ಹದಿನೈದು ವರ್ಷ ಸಂಸ್ಥಾನದಲ್ಲಿ ನೆಲೆಸಿ, ಹಿಂದಿನ ಊರಿಗೆ ಮರಳುವ ವಿಚಾರವನ್ನು ಬಿಟ್ಟಿರುವೆನೆಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರವನ್ನು ಮಾಡಬೇಕಾಗಿದ್ದಿತು. ಇದು ಸರಕಾರಿ ನೌಕರಿಗೆ ಸಂಬಂಧಪಟ್ಟುದೇ ಹೊರತು ಹಾದಿಗೆ ಸಂಬಂಧಪಟ್ಟುದಲ್ಲ. ಆದರೂ ಆ ಕಾಲದಲ್ಲಿ ಪರದೇಶವೆಂಬುದು ಕಲಬುರಗಿಯವರಿಗೆ ದೂರದ್ದಾಗಿರಲಿಲ್ಲ. ಸೊಲ್ಲಾಪುರವು ಬ್ರಿಟಿಷರದು, ಅಲ್ಲಿ ಕಲ್ದಾರ ನಾಣ್ಯ, ಇಲ್ಲಿ ಹಾಲಿ ಸಿಕ್ಕಾ, ನಡುವೆ ಕರೋಡಗಿರಿಯ ಸುಂಕ. ೧೯೪೮ರ ಸಪ್ಟಂಬರದಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. ೧೯೫೬ರಲ್ಲಿ ಕಲಬುರಗಿಯು ಮೈಸೂರು ರಾಜ್ಯಕ್ಕೆ ಬಂದಿತು. ಸೊಲ್ಲಾಪುರದ ಹಾದಿಯಲ್ಲಿ ಪರದೇಶವು ಇಲ್ಲವಾಯಿತು.

೩

ಮೋಟಾರು ವಾಹನಗಳನ್ನು ಕುರಿತು ಬ್ರಿಟಿಷ್ ಇಂಡಿಯಾದಲ್ಲಿ ೧೯೧೪ರಲ್ಲಿಯೂ ೧೯೩೯ರಲ್ಲಿಯೂ ಕಾಯಿದೆಗಳಾದುವು. ಈಗ ನಡೆಯುತ್ತಿರುವುದು ೧೯೮೮ರ ಕಾಯಿದೆ. ಅದರಂತೆ ಕಾರು ನಡೆಸುವವನಿಗೆ ಹದಿನೆಂಟು ವರ್ಷ ತುಂಬಿರಬೇಕು. ಕಲಿಯುವವನ ಪತ್ರವನ್ನು ಪಡೆದು, ಕನಿಷ್ಠ ಮೂವತ್ತು ದಿನಗಳಾದ ಮೇಲೆ ಪರೀಕ್ಷೆಗೆ ನಿಲ್ಲಬೇಕು. ಕಮಲಾಪುರದ ಯುವಕನು ಕಲಬುರಗಿಯಲ್ಲಿ ಹೀಗೆ ಪಡೆದ ಪತ್ರವು ಭಾರತದಲ್ಲೆಲ್ಲ ಸಲ್ಲುತ್ತದೆ. ಅವನು ಸಮುದ್ರವನ್ನು ದಾಟಿದರೆ ಏನಾಗುವುದು?

೧೯೪೯ರ ಜಿನೀವಾ ಒಪ್ಪಂದದ ಮೇರೆಗೆ ಕೊಡುವ ಅಂತರರಾಷ್ಟ್ರೀಯ ಪತ್ರವು ಸಂಚಾರಿಗೆ ಉಪಯುಕ್ತವೇ ಹೊರತು ನೆಲೆಸುವವನಿಗಲ್ಲ. ಅದರ ಅವಧಿಯು ಒಂದು ವರ್ಷ. ಬ್ರಿಟನ್ನಿನಲ್ಲಿ ನೆಲೆಸಿದ ಭಾರತೀಯನು ಹನ್ನೆರಡು ತಿಂಗಳು ಸ್ವದೇಶದ ಪತ್ರದಿಂದ ಕಾರು ನಡೆಸಬಹುದು. ಜರ್ಮನಿಯಲ್ಲಿ ಆರು ತಿಂಗಳು. ಬಳಿಕ ಎರಡು ಕಡೆಗಳಲ್ಲಿಯೂ ನಿಯಮಗಳ ಪರೀಕ್ಷೆಗೂ ಚಾಲನೆಯ ಪರೀಕ್ಷೆಗೂ ಹೊಸದಾಗಿ ನಿಲ್ಲಬೇಕು. ಸಂಯುಕ್ತ ಅರಬ ಸಂಸ್ಥಾನಗಳಲ್ಲಿ ನಿವಾಸದ ಪರವಾನಗಿಯನ್ನು ಪಡೆದವನು ಆ ದೇಶದ ಪತ್ರವನ್ನೇ ಪಡೆಯಬೇಕು. ಸೌದಿ ಅರೇಬಿಯದಲ್ಲಿ ೨೦೧೮ರ ಜೂನ್ ೨೪ರವರೆಗೆ ಹೆಂಗಸರಿಗೆ, ಎಷ್ಟೇ ಕುಶಲರಾಗಿದ್ದರೂ, ಕಾರು ನಡೆಸುವ ಅನುಮತಿಯೇ ಇರಲಿಲ್ಲ.

ನಾವು ಎಡಮಗ್ಗುಲಿನಲ್ಲಿ ನಡೆಸುವವರು, ಜರ್ಮನರು ಬಲಮಗ್ಗುಲಿನಲ್ಲಿ. ಆದುದರಿಂದ ಪುನಃಪರೀಕ್ಷೆಯು ನ್ಯಾಯವೇ ಎಂದು ಯಾರಾದರೂ ಆಕ್ಷೇಪಿಸಬಹುದು. ಈ ಹೇತುವು ನಿಲ್ಲುವುದಿಲ್ಲ. ಜಪಾನಿನವರೂ ನಮ್ಮಂತೆಯೇ ಎಡಮಗ್ಗುಲಿನವರು. ಅವರ ಪತ್ರವನ್ನು ಜರ್ಮನಿಯು ಪರೀಕ್ಷೆಯಿಲ್ಲದೆಯೇ ಬದಲಿಸಿಕೊಡುತ್ತದೆ. ಬಲಮಗ್ಗುಲಿನ ದೇಶಗಳಲ್ಲಿಯೂ ಎಷ್ಟೋ ದೇಶಗಳವರು ಪರೀಕ್ಷೆಗೆ ನಿಲ್ಲಬೇಕಾಗಿದೆ. ಹೀಗಿರಲು ಇಲ್ಲಿ ಅಳೆಯುತ್ತಿರುವುದು ವ್ಯಕ್ತಿಯ ಕೌಶಲವನ್ನಲ್ಲ, ಪತ್ರವನ್ನು ಕೊಟ್ಟ ದೇಶದ ಮೇಲಣ ನಂಬಿಕೆಯನ್ನು ಎಂದು ಸಿದ್ಧವಾಗುತ್ತದೆ. ಆಪ್ತಶಬ್ದದ ಎರಡು ಅರ್ಥಗಳೂ ಇಲ್ಲಿ ಬೇರ್ಪಟ್ಟಿವೆ. ಕುಶಲನು ಇನ್ನೂ ಆಪ್ತನಲ್ಲ.

೪

ಇದನ್ನು ಅವಮಾನವೆಂದು ತಿಳಿದು ಕೊರಗುವುದು ಉಚಿತವಲ್ಲ. ಆಫಾಕಿಯಿಂದ ನಾವು ಕೇಳಿದುದು ಹುಟ್ಟನ್ನು. ಗೈರಮುಲ್ಕಿಯಿಂದ ಕೇಳಿದುದು ಹದಿನೈದು ವರ್ಷಗಳ ವಾಸವನ್ನೂ ತವರಿನ ಆಸೆಯ ತ್ಯಾಗವನ್ನೂ. ಪರದೇಶದ ಪರೀಕ್ಷಕನಾದರೋ ಕೆಲವು ವಾರಗಳ ಅಭ್ಯಾಸವನ್ನೂ ಶುಲ್ಕವನ್ನೂ ಕೇಳುವನು. ತೇರ್ಗಡೆಯಾದವನ ಹುಟ್ಟನ್ನು ಆ ಮೇಲೆ ಹಾದಿಯಲ್ಲಿ ಯಾರೂ ಕೇಳರು. ಹುಟ್ಟನ್ನು ಬದಲಿಸಲಾಗದು, ಕೌಶಲವನ್ನು ತೋರಿಸಬಹುದು. ಆದುದರಿಂದ ಹೊರಗಿನವನನ್ನು ಒಳಗೊಳ್ಳುವ ಉಪಾಯಗಳಲ್ಲಿ ಪರೀಕ್ಷೆಯೇ ನ್ಯಾಯಕ್ಕೆ ಹತ್ತಿರವಾದುದು.

ಆದರೆ ದುಡಿಯಲು ಹೋದ ಬಡವನಿಗೆ ಆ ಶುಲ್ಕವೂ ಆ ವಾರಗಳೂ ಸಣ್ಣವಲ್ಲ. ಚಾಲನೆಯೇ ಅವನ ಜೀವನೋಪಾಯವಾಗಿದ್ದರೆ ಪತ್ರವು ಬರುವವರೆಗೆ ಕೂಲಿಯೂ ಇಲ್ಲ. ಈ ಹೊರೆಯನ್ನು ಇಳಿಸುವ ಉಪಾಯವು ಬಹುಮಟ್ಟಿಗೆ ಸ್ವದೇಶದಲ್ಲಿಯೇ ಇದೆ. ನಾವು ಕೊಡುವ ಪತ್ರವು ಕೌಶಲಕ್ಕೆ ನಿಜವಾದ ಸಾಕ್ಷಿಯೆಂದು ಅನ್ಯರು ಒಪ್ಪುವಂತೆ ನಮ್ಮ ಪರೀಕ್ಷೆಗಳು ಕಟ್ಟುನಿಟ್ಟಾಗಿ ನಡೆಯಬೇಕು. ಇಲ್ಲಿ ಸಡಿಲವಾಗಿ ಕೊಟ್ಟ ಒಂದೊಂದು ಪತ್ರವೂ ಅಲ್ಲಿ ಕುಶಲನಾದವನನ್ನೂ ಅನಾಪ್ತನನ್ನಾಗಿ ಮಾಡುತ್ತದೆ. ಅನಾಪ್ತನು ನಡೆಸಿದರೆ ಗಾಡಿಯಲ್ಲಿ ಕುಳಿತವರೆಲ್ಲರೂ ದಂಡ ತೆರಬೇಕೆಂಬ ಸ್ಮೃತಿಯ ವಿಧಿಯು ಈ ಅರ್ಥದಲ್ಲಿ ಇಂದಿಗೂ ಜಾರಿಯಲ್ಲಿದೆಯೆನ್ನಬಹುದು.