ಶಾಲೆ ಬಿಟ್ಟ ಮೇಲಿನ ಇಂಗ್ಲಿಷ್

1856ರ ಜೂನ್ ತಿಂಗಳಲ್ಲಿ ಧಾರವಾಡದ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಕೇಳಿದ. ಸೇರಿಸಿಕೊಳ್ಳಲಿಲ್ಲ. ಹುಡುಗ ಸುಮ್ಮನಾಗದೆ ಮುಂಬಯಿ ಸರ್ಕಾರಕ್ಕೇ ಅರ್ಜಿ ಬರೆದ. ಜುಲೈನಲ್ಲಿ ಸರ್ಕಾರ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ನ್ಯಾಯವೇನೋ ಹುಡುಗನ ಕಡೆಗೇ ಇದೆ, ಆದರೆ ಒಬ್ಬನಿಗೋಸ್ಕರ ತಲೆತಲಾಂತರದ ನಂಬಿಕೆಯನ್ನು ಕದಡಲು ಆಗುವುದಿಲ್ಲ. ಮರುವರ್ಷ ಭಾರತ ಸರ್ಕಾರ ಇದನ್ನು ಒಪ್ಪದೆ, ಬಂಗಾಳದಲ್ಲಾಗಿದ್ದರೆ ಹೀಗೆ ತಿರುಗಿಸಿ ಕಳಿಸುತ್ತಿರಲಿಲ್ಲ ಎಂದು ಬರೆಯಿತು. 1858ರಲ್ಲಿ ಕಂಪನಿಯ ನಿರ್ದೇಶಕರು ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು ಎಂದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಊರಿನಲ್ಲಿ ತೆರೆಯುವುದಕ್ಕೆ ಇನ್ನೂ ಎಷ್ಟೋ ಕಾಲ ಹಿಡಿಯಿತು.

ದಲಿತರ ಶಿಕ್ಷಣದ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಹೀಗೆ ಬಾಗಿಲಿನ ಚರಿತ್ರೆಯಾಗಿಯೇ ಓದುತ್ತ ಬಂದಿದ್ದೇವೆ. ಯಾರು ಒಳಗೆ ಬಿಟ್ಟರು, ಯಾರು ಬಿಡಲಿಲ್ಲ, ಎಲ್ಲಿ ಕೂರಿಸಿದರು. ಇದು ಬೇಕಾದ ಓದೇ. ಆದರೆ ಇದು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕೂವರೆಯವರೆಗಿನ ಚರಿತ್ರೆ. ಗಂಟೆ ಹೊಡೆದ ಮೇಲೆ ಏನಾಯಿತು ಎಂಬುದನ್ನು ಯಾರೂ ಅಷ್ಟಾಗಿ ಕೇಳಿಲ್ಲ. ಅಗ್ರಹಾರದ ಹುಡುಗ ಮನೆಗೆ ಹೋದರೆ ಅಲ್ಲಿ ಇಂಗ್ಲಿಷ್ ಬಲ್ಲ ಚಿಕ್ಕಪ್ಪ ಇದ್ದ, ಪೇಪರ್ ಇತ್ತು, ದೀಪ ಇತ್ತು. ಕೇರಿಯ ಹುಡುಗ ಮನೆಗೆ ಹೋದರೆ ಗೌಡರ ಕೊಟ್ಟಿಗೆ ಕಾಯುತ್ತಿತ್ತು. ಇಬ್ಬರಿಗೂ ಒಂದೇ ಪುಸ್ತಕ, ಒಬ್ಬರೇ ಮೇಷ್ಟ್ರು. ಪರೀಕ್ಷೆಯಲ್ಲಿ ಒಬ್ಬ ಪಾಸು, ಇನ್ನೊಬ್ಬ ಇಂಗ್ಲಿಷ್‌ನಲ್ಲಿ ಫೇಲು. ಇದನ್ನು ನಮ್ಮ ಸಮಾಜ ‘ಬುದ್ಧಿ’ ಎಂದು ಕರೆಯಿತು. ನಾನು ಇದನ್ನು ಸಂಜೆಯ ಹಂಚಿಕೆ ಎಂದು ಕರೆಯುತ್ತೇನೆ. ಆ ಸಂಜೆಯ ಖರ್ಚನ್ನು ಯಾರು ಕೊಟ್ಟರು ಎಂಬುದೇ ಈ ಲೇಖನದ ಪ್ರಶ್ನೆ.

ಈ ಪ್ರಶ್ನೆಯನ್ನು ಮೊದಲು ಕಂಡುಕೊಂಡವರು ಫುಲೆ ದಂಪತಿಗಳು. ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದವರು, 1855ರಲ್ಲಿ ದುಡಿಯುವವರಿಗಾಗಿ ರಾತ್ರಿ ಶಾಲೆ ತೆರೆದರು. ಹಗಲು ಹೊಲಕ್ಕೂ ಕೂಲಿಗೂ ಹೋಗುವವನಿಗೆ ಹಗಲು ಶಾಲೆಯ ಬಾಗಿಲು ತೆರೆದಿದ್ದರೇನು, ಮುಚ್ಚಿದ್ದರೇನು? ದುಡಿಮೆಯವನಿಗೆ ಮಿಕ್ಕಿರುವ ಹೊತ್ತು ಯಾವುದೋ ಶಾಲೆಯೇ ಆ ಹೊತ್ತಿಗೆ ಬರಬೇಕು ಅನ್ನೋದು ಅವರ ತಿಳುವಳಿಕೆ. ಸಾವಿತ್ರಿಬಾಯಿ ಇಂಗ್ಲಿಷನ್ನು ತಾಯಿ ಎಂದು ಕರೆದು ಪದ್ಯ ಬರೆದದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಸಂಸ್ಕೃತದ ಬಾಗಿಲಲ್ಲಿ ಹೊಡೆಸಿಕೊಂಡವರಿಗೆ ಇಂಗ್ಲಿಷ್ ದೊರೆಯ ಭಾಷೆ ಅಷ್ಟೇ ಆಗಿರಲಿಲ್ಲ. ಮನುವಿನ ಮುದ್ರೆ ಬೀಳದ ಭಾಷೆಯೂ ಆಗಿತ್ತು. ವಸಾಹತುಶಾಹಿಯನ್ನು ಟೀಕಿಸುವ ನಮ್ಮ ವಿಮರ್ಶಕರು ಈ ವ್ಯತ್ಯಾಸವನ್ನು ಹಾರಿಸಿಬಿಡುತ್ತಾರೆ.

1882ರಲ್ಲಿ ಹಂಟರ್ ಆಯೋಗದ ಮುಂದೆ ಜೋತಿಬಾ ಇಟ್ಟ ಅಹವಾಲಿನ ಕೇಂದ್ರದಲ್ಲಿ ಇರುವುದು ದುಡ್ಡಿನ ಲೆಕ್ಕ. ಸರ್ಕಾರದ ಬೊಕ್ಕಸ ತುಂಬುವುದು ರೈತನ ಬೆವರಿನಿಂದ, ಅದರಿಂದ ಕಲಿಯುವವರು ಮಾತ್ರ ಮೇಲಿನ ಕೆಲವರು. ಹೀಗಾಗಿ ಹನ್ನೆರಡು ವರ್ಷದವರೆಗೆ ಕಡ್ಡಾಯ ಶಿಕ್ಷಣ ಬೇಕು, ನೇಗಿಲು ಹಿಡಿಯಲು ನಾಚದ ಮೇಷ್ಟ್ರುಗಳು ಬೇಕು ಎಂದರು ಅವರು. ಕೇಳಿದ್ದು ದಾನ ಅಲ್ಲ, ತಮ್ಮ ತೆರಿಗೆಯ ಪಾಲು. ಸಾರ್ವಜನಿಕ ಹಣ ಎಂಬ ಮಾತಿಗೆ ನಮ್ಮಲ್ಲಿ ಅರ್ಥ ಬಂದದ್ದು ಇಲ್ಲಿಂದ.

ಇನ್ನು ಅಂಬೇಡ್ಕರ್. ಅವರ ಇಂಗ್ಲಿಷ್ ಎಲ್ಲಿಂದ ಬಂತು? ಕೊಲಂಬಿಯಾ, ಲಂಡನ್ ಎಂದು ಥಟ್ಟನೆ ಉತ್ತರ ಬರುತ್ತದೆ. ಅದಕ್ಕೂ ಮುಂಚೆ ಪರೇಲಿನ ಚಾಳಿನ ಒಂದೇ ಒಂದು ಕೋಣೆ ಇತ್ತು. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದವರು, ಸೈನ್ಯದ ಶಾಲೆಯಲ್ಲಿ ಹೆಡ್‌ಮಾಸ್ಟರಾಗಿದ್ದವರು. ಮಗನಿಗೆ ಇಂಗ್ಲಿಷ್ ತಿದ್ದಿದವರು ಅವರೇ. ಜಾಗ ಸಾಲದ ಆ ಕೋಣೆಯಲ್ಲಿ ಮಗನನ್ನು ಬೇಗ ಮಲಗಿಸಿ, ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಓದಲು ಕೂರಿಸುತ್ತಿದ್ದರು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಆ ತಂದೆಗೆ ಇಂಗ್ಲಿಷ್ ಬಂದದ್ದು ಸರ್ಕಾರದ ಖರ್ಚಿನ ಸೈನ್ಯದ ಶಾಲೆಗಳಿಂದ. ಮುಂದೆ ಸೈನ್ಯವು ಮಹಾರರ ನೇಮಕಾತಿಯನ್ನೇ ನಿಲ್ಲಿಸಿತು. ಆಗ ಒಂದು ಜನಾಂಗ ನೌಕರಿಯನ್ನಷ್ಟೇ ಕಳೆದುಕೊಳ್ಳಲಿಲ್ಲ, ಮಕ್ಕಳಿಗೆ ರಾತ್ರಿ ಪಾಠ ಹೇಳಿಕೊಡಬಲ್ಲ ಅಪ್ಪಂದಿರನ್ನೂ ಕಳೆದುಕೊಂಡಿತು.

ಅಂಬೇಡ್ಕರರಿಗೆ ಇದು ಗೊತ್ತಿತ್ತು ಎನ್ನುವುದಕ್ಕೆ ಅವರ ಕೆಲಸವೇ ಸಾಕ್ಷಿ. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದ ಮೇಲೆ ಮೊದಲು ಕೈಹಾಕಿದ ಕೆಲಸಗಳಲ್ಲಿ ಒಂದು ಸೊಲ್ಲಾಪುರದ ವಿದ್ಯಾರ್ಥಿನಿಲಯ. ಅದು 1925ರ ಜನವರಿಯಲ್ಲಿ ಶುರುವಾಯಿತು, ಅಲ್ಲಿನ ಮುನಿಸಿಪಾಲಿಟಿ ಅದಕ್ಕೆ ಅನುದಾನ ಕೊಟ್ಟಿತು. 1928ರ ನಂತರ ಮುಂಬಯಿ ಸರ್ಕಾರದ ನೆರವಿನಿಂದ ಅವರ ಶಿಕ್ಷಣ ಸಂಸ್ಥೆ ಹೈಸ್ಕೂಲು ಹುಡುಗರಿಗೆ ನಿಲಯಗಳನ್ನು ನಡೆಸಿತು. ಅವುಗಳಲ್ಲೊಂದು ಇದ್ದದ್ದು ಧಾರವಾಡದಲ್ಲಿ. ಅದೇ ಧಾರವಾಡ! ಒಬ್ಬ ಹುಡುಗನನ್ನು ಹೊಸ್ತಿಲಿಂದ ಹಿಂದಕ್ಕೆ ಕಳಿಸಿದ ಊರಿನಲ್ಲಿ, ಎಪ್ಪತ್ತು ವರ್ಷ ಕಳೆದ ಮೇಲೆ, ಶಾಲೆ ಬಿಟ್ಟು ಬಂದ ಹುಡುಗರಿಗೆ ಅನ್ನ, ದೀಪ, ಪುಸ್ತಕ ಇಟ್ಟುಕೊಂಡು ಕೂರುವ ಒಂದು ಮನೆ. 1946ರಲ್ಲಿ ಮುಂಬಯಿಯ ಸಿದ್ಧಾರ್ಥ ಕಾಲೇಜು ತೆರೆದಾಗಲೂ ಹೊತ್ತಿನದೇ ಯೋಚನೆ. ಹಗಲು ದುಡಿಯುವವರು ಓದಲೆಂದು ಅಲ್ಲಿ ತರಗತಿಗಳು ಬೆಳಗಿನ ಜಾವಕ್ಕೆ ಬಂದವು.

ನಮ್ಮ ಹಳೇ ಮೈಸೂರಿನ ಕತೆಯೂ ಹೀಗೆಯೇ. 1915ರಲ್ಲಿ ಸರ್ಕಾರಿ ಶಾಲೆಗಳಿಗೆ ಪಂಚಮರನ್ನು ಸೇರಿಸಿಕೊಳ್ಳಬೇಕೆಂದು ಆಜ್ಞೆಯಾದಾಗ ಮೇಲಿನವರು ಎಬ್ಬಿಸಿದ ಗದ್ದಲ ಸಣ್ಣದಲ್ಲ. ಆದರೆ ಆಜ್ಞೆಗಿಂತ ಹೆಚ್ಚು ಕೆಲಸ ಮಾಡಿದ್ದು ಹಾಸ್ಟೆಲುಗಳು. ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಂಥ ಜಾಗಗಳಿಂದ ಬಂದವರ ಪಟ್ಟಿ ಮಾಡಿದರೆ ಅದೇ ಒಂದು ಸಾಹಿತ್ಯ ಚರಿತ್ರೆಯಾಗುತ್ತದೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ನಾವು ನಗುತ್ತ ಓದಿದ್ದೇವೆ. ಅದನ್ನು ಹಾಸ್ಟೆಲಿನ ಚರಿತ್ರೆಯಾಗಿ ಓದುವುದೂ ಸಾಧ್ಯ. ದಲಿತ ಕಾವ್ಯದ ‘ಸಿಟ್ಟು’, ‘ಆಕ್ರೋಶ’ ಇವುಗಳ ಬಗ್ಗೆ ಪುಟಗಟ್ಟಲೆ ಬರೆದ ನಮ್ಮ ವಿಮರ್ಶೆ, ಆ ಸಿಟ್ಟು ಓದು ಕಲಿತು ಮಾತಾಗಲು ಬೇಕಾದ ಸಂಜೆ ಎಲ್ಲಿಂದ ಬಂತೆಂದು ಕೇಳಲೇ ಇಲ್ಲ.

1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಎಂದರು. ಗಲಾಟೆಯೆದ್ದಿತು, ಹಾಸ್ಟೆಲು ಹುಡುಗರ ಮೇಲೆ ಹಲ್ಲೆಗಳಾದವು, ಅವರು ಮಂತ್ರಿಗಿರಿ ಬಿಡಬೇಕಾಯಿತು. ಆ ಗಲಾಟೆಯಿಂದಲೇ ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ದಾರಿಯಾಯಿತು ಎನ್ನುವುದು ನಮಗೆಲ್ಲ ಗೊತ್ತು. ಆದರೆ ಅವತ್ತಿನಿಂದ ನಮ್ಮಲ್ಲಿ ಇಂಗ್ಲಿಷಿನ ಮಾತು ಬಂದಾಗಲೆಲ್ಲ ಅದು ಅಭಿಮಾನದ ಮಾತಾಗುತ್ತದೆ, ಕಲಿಕೆಯ ಮಾತಾಗುವುದಿಲ್ಲ. ಕನ್ನಡವೋ ಇಂಗ್ಲಿಷೋ ಎಂದು ಕೇಳುತ್ತಾರೆ. ಯಾವ ಹೊತ್ತಿನಲ್ಲಿ, ಯಾರ ಖರ್ಚಿನಲ್ಲಿ ಎಂದು ಕೇಳುವುದಿಲ್ಲ.

ಈ ಬೂಸಾ ಗಲಾಟೆ ತಣ್ಣಗಾಗುವ ಮುಂಚೆಯೇ, 1974ರ ಜನವರಿಯಲ್ಲಿ, ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂದು ತೀರ್ಪು ಬಂತು. ಸಾನ್‌ಫ್ರಾನ್ಸಿಸ್ಕೋದ ಶಾಲೆಗಳಲ್ಲಿ ಇಂಗ್ಲಿಷ್ ಬಾರದ ಚೀನಿ ಮಕ್ಕಳು ಸಾವಿರಾರು ಇದ್ದರು. ಅವರಲ್ಲಿ ಸುಮಾರು 1,800 ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಪ್ರತ್ಯೇಕವಾಗಿ ಏನೂ ಮಾಡಿರಲಿಲ್ಲ. ಲಾವ್ ವಿರುದ್ಧ ನಿಕೋಲ್ಸ್ ಎಂಬ ಆ ಮೊಕದ್ದಮೆಯಲ್ಲಿ ಕೋರ್ಟು ಹೇಳಿದ್ದರ ಸಾರ: ಅದೇ ಕಟ್ಟಡ, ಅದೇ ಪುಸ್ತಕ, ಅದೇ ಮೇಷ್ಟ್ರು ಕೊಟ್ಟ ಮಾತ್ರಕ್ಕೆ ಸಮಾನತೆ ಆಗುವುದಿಲ್ಲ, ಪಾಠ ಅರ್ಥವಾಗದ ಮಗುವಿಗೆ ಅದು ಶಿಕ್ಷಣವೇ ಅಲ್ಲ. ಈ ತೀರ್ಪಿಗೆ ಆಧಾರ 1964ರ ನಾಗರಿಕ ಹಕ್ಕುಗಳ ಕಾಯಿದೆ, ಎಂದರೆ ಕರಿಯರು ಬೀದಿಯಲ್ಲಿ ರಕ್ತ ಸುರಿಸಿ ಪಡೆದ ಕಾಯಿದೆ. ಕರಿಯರ ಹೋರಾಟ ಚೀನಿ ಮಕ್ಕಳ ಭಾಷೆಗೆ ನೆರಳಾಯಿತು. ಫುಲೆಯವರು 1873ರಲ್ಲಿ ‘ಗುಲಾಮಗಿರಿ’ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದ್ದನ್ನು, 1972ರಲ್ಲಿ ಮುಂಬಯಿಯ ನಮ್ಮವರು ಪ್ಯಾಂಥರ್ ಎಂಬ ಹೆಸರನ್ನು ಅಲ್ಲಿಂದಲೇ ತಂದದ್ದನ್ನು ನೆನೆದರೆ, ಈ ತೀರ್ಪು ನಮಗೆ ದೂರದ್ದಲ್ಲ.

ಅಲ್ಲಿ ಆಮೇಲೆ ನಡೆದದ್ದನ್ನೂ ತಿಳಿದುಕೊಳ್ಳಬೇಕು. ಶಾಲೆ ಬಿಟ್ಟ ಮೇಲಿನ ಹೊತ್ತಿಗೆ ಕೇಂದ್ರ ಸರ್ಕಾರವೇ ಹಣ ಕೊಡುವ ಒಂದು ಯೋಜನೆಗೆ 1994ರಲ್ಲಿ ಕಾನೂನಾಯಿತು. ‘ಇಪ್ಪತ್ತೊಂದನೇ ಶತಮಾನದ ಸಮುದಾಯ ಕಲಿಕಾ ಕೇಂದ್ರಗಳು’ ಎಂದು ಅದರ ಹೆಸರು. 1998ರಲ್ಲಿ ನಾಲ್ಕು ಕೋಟಿ ಡಾಲರ್ ಇದ್ದದ್ದು 2002ರ ಹೊತ್ತಿಗೆ ಸುಮಾರು ನೂರು ಕೋಟಿ ಡಾಲರಿಗೆ ಬೆಳೆಯಿತು. ಹಣ ರಾಜ್ಯಗಳ ಮೂಲಕ ಬಡವರ ಕೇರಿಗಳ ಶಾಲೆಗಳಿಗೂ ಸ್ಥಳೀಯ ಸಂಘಗಳಿಗೂ ಹೋಗುತ್ತದೆ. ಸಂಜೆ ಹೋಂವರ್ಕಿಗೆ ನೆರವು, ಇಂಗ್ಲಿಷ್ ಬಾರದ ಮಕ್ಕಳಿಗೆ ಇಂಗ್ಲಿಷ್, ಅಪ್ಪ ಅಮ್ಮಂದಿರಿಗೂ ಅಕ್ಷರ. ಕ್ಯಾಲಿಫೋರ್ನಿಯಾದಲ್ಲಿ 1998ರಲ್ಲಿ ಜನಮತದಿಂದ ಇನ್ನೊಂದು ಕಾನೂನು ಬಂತು. ಅದು ಮಕ್ಕಳ ಮನೆಮಾತಿನಲ್ಲಿ ಪಾಠ ಹೇಳುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. ಅದೇ ಕಾನೂನು, ನೆರೆಹೊರೆಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇವೆಂದು ಮಾತು ಕೊಟ್ಟ ದೊಡ್ಡವರಿಗೆ ಪುಕ್ಕಟೆ ಇಂಗ್ಲಿಷ್ ಕಲಿಸಲು ಹತ್ತು ವರ್ಷ, ವರ್ಷಕ್ಕೆ ಐದು ಕೋಟಿ ಡಾಲರ್ ತೆಗೆದಿಟ್ಟಿತು! ಒಂದು ಕೈಯಲ್ಲಿ ತಾಯಿಭಾಷೆ ಕಿತ್ತುಕೊಂಡು ಇನ್ನೊಂದು ಕೈಯಲ್ಲಿ ಟ್ಯೂಷನ್ ಕೊಡುವ ಪ್ರಭುತ್ವದ ಜಾಣತನ ಇದು. 2016ರಲ್ಲಿ ಅಲ್ಲಿನ ಜನರೇ ಮತ ಹಾಕಿ ಆ ನಿರ್ಬಂಧವನ್ನು ತೆಗೆದರು. 2025ರ ಜುಲೈನಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಸಂಜೆಯ ಕೇಂದ್ರಗಳ ಹಣವನ್ನೂ ಇಂಗ್ಲಿಷ್ ಕಲಿಯುವ ಮಕ್ಕಳ ಹಣವನ್ನೂ ಒಟ್ಟಿಗೇ ತಡೆಹಿಡಿಯಿತು. ಗದ್ದಲವಾದ ಮೇಲೆ ಅದೇ ತಿಂಗಳು ಬಿಟ್ಟಿತು. ಕಾವಲಿಲ್ಲದಿದ್ದರೆ ಸಾರ್ವಜನಿಕ ಹಣ ಯಾವತ್ತೂ ನಮ್ಮದಲ್ಲ ಎನ್ನುವ ಪಾಠ ಅಲ್ಲಿಗೂ ಒಂದೇ, ಇಲ್ಲಿಗೂ ಒಂದೇ.

ಈಗ ನಮ್ಮ ಕಡೆ ತಿರುಗೋಣ. 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೇ ತರಗತಿಗೆ ಇಂಗ್ಲಿಷ್ ಒಂದು ವಿಷಯವಾಗಿ ಬಂತು. 1994ರ ಭಾಷಾ ನೀತಿಯಲ್ಲಿ ಪ್ರಾಥಮಿಕ ಹಂತಕ್ಕೆ ಕಡ್ಡಾಯ ಮಾಡಿದ್ದ ಕನ್ನಡ ಅಥವಾ ಮಾತೃಭಾಷೆಯ ಮಾಧ್ಯಮವನ್ನು 2014ರ ಮೇನಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು. 2019ರಲ್ಲಿ ಸರ್ಕಾರವೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಸಾಹಿತಿಗಳು ಕನ್ನಡ ಸತ್ತಿತು ಎಂದರು. ದಲಿತ ಸಂಘಟನೆಗಳಲ್ಲಿ ಹಲವು, ನಿಮ್ಮ ಮಕ್ಕಳು ಎಲ್ಲಿ ಓದುತ್ತಿದ್ದಾರೆ ಸ್ವಾಮಿ ಎಂದು ಕೇಳಿದವು. ನ್ಯಾಯವಾದ ಪ್ರಶ್ನೆಯೇ. ದೇವನೂರ ಮಹಾದೇವರಂಥವರು ಎಲ್ಲರಿಗೂ ಒಂದೇ ಬಗೆಯ ಶಾಲೆ, ತಾಯ್ನುಡಿಯಲ್ಲಿ ಕಲಿಕೆ ಎಂದಾಗ ಅದರಲ್ಲೂ ಸಮಾನತೆಯ ಕನಸಿದೆ, ಅದನ್ನು ಸುಮ್ಮನೆ ತಳ್ಳಿಹಾಕಲಾಗದು. ಆದರೆ ಎರಡೂ ಕಡೆಯವರು ತರಗತಿಯ ಒಳಗೇ ನಿಂತು ಜಗಳವಾಡಿದರು. ಗಂಟೆ ಹೊಡೆದ ಮೇಲೆ ಮಗುವಿನ ಜೊತೆ ನಡೆದು ಕೇರಿಯವರೆಗೆ ಯಾರೂ ಹೋಗಲಿಲ್ಲ.

ಹೋಗಿದ್ದರೆ ಏನು ಕಾಣುತ್ತಿತ್ತು? ನಾನು ಹೈಸ್ಕೂಲು ಓದಿದ್ದು ಒಂದು ಹಾಸ್ಟೆಲಿನಲ್ಲಿದ್ದುಕೊಂಡು. ಸಂಜೆ ಇಂಗ್ಲಿಷ್ ಮತ್ತು ಗಣಿತಕ್ಕೆ ಟ್ಯೂಷನ್ ಮೇಷ್ಟ್ರು ಇದ್ದರು, ಹಾಜರಿ ಪುಸ್ತಕದಲ್ಲಿ. ತಿಂಗಳಿಗೊಮ್ಮೆ ಬಂದು ಅಷ್ಟೂ ದಿನದ ಸಹಿ ಹಾಕಿ ಹೋಗುತ್ತಿದ್ದರು. ನಮಗದು ಅನ್ಯಾಯ ಅನ್ನಿಸಲೇ ಇಲ್ಲ. ಓದುವ ಹೊತ್ತು ಅಂದರೆ ಗಲಾಟೆ ಮಾಡದೆ ಕೂತಿರುವ ಹೊತ್ತು ಅಂದುಕೊಂಡಿದ್ದೆವು. ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಕೋಣೆಯ ಹನ್ನೊಂದು ಜನರಲ್ಲಿ ಏಳು ಜನ ಇಂಗ್ಲಿಷಿನಲ್ಲಿ ಹೋದರು. ಅವರಲ್ಲೊಬ್ಬ ನನಗಿಂತ ಚುರುಕು, ಲೆಕ್ಕದಲ್ಲಿ ಎತ್ತಿದ ಕೈ. ಈಗ ಗಾರೆ ಕೆಲಸ ಮಾಡುತ್ತಾನೆ. ಸಿಕ್ಕಾಗ, ‘ಏನ್ ಮೇಷ್ಟ್ರೇ, ಚೆನ್ನಾಗಿದೀರಾ’ ಎಂದು ಬಹುವಚನದಲ್ಲಿ ಮಾತಾಡಿಸುತ್ತಾನೆ. ಆ ಬಹುವಚನ ನನಗೆ ತಡೆದುಕೊಳ್ಳಲಾಗುವುದಿಲ್ಲ. ನಾನು ದಾಟಿದ್ದು ಬುದ್ಧಿಯಿಂದಲ್ಲ. ಊರಿಗೆ ಹೋದಾಗ ಅಂಚೆ ಕಚೇರಿಯಲ್ಲಿದ್ದ ನಮ್ಮ ಮಾವ ಕೂರಿಸಿಕೊಂಡು ಹೇಳಿಕೊಡುತ್ತಿದ್ದರು, ಅಷ್ಟೆ. ಅವನಿಗೆ ಅಂಥ ಮಾವ ಇರಲಿಲ್ಲ. ಮಾವ ಇಲ್ಲದವನಿಗೆ ಮಾವನಾಗಲೆಂದೇ ಸರ್ಕಾರ ಆ ಟ್ಯೂಷನ್ನಿಗೆ ದುಡ್ಡು ಕೊಟ್ಟಿತ್ತು. ಆ ದುಡ್ಡು ಖರ್ಚೂ ಆಗಿತ್ತು.

ಆದ್ದರಿಂದ ಮಾಧ್ಯಮದ ಜಗಳ ಮುಗಿಯಲಿ ಎಂದು ಕಾಯುವ ಅಗತ್ಯ ನಮಗಿಲ್ಲ. ಮಾಧ್ಯಮ ಕನ್ನಡವಾದರೂ ಕೇರಿಯ ಮಗುವಿಗೆ ಇಂಗ್ಲಿಷ್ ಬೇಕು. ಮಾಧ್ಯಮ ಇಂಗ್ಲಿಷಾದರಂತೂ, ಸಂಜೆಯ ನೆರವಿಲ್ಲದೆ ಆ ಮಗು ಇಂಗ್ಲಿಷೂ ಬಾರದೆ ಕನ್ನಡವೂ ಬಾರದೆ ನಡುನೀರಿನಲ್ಲಿ ಉಳಿಯುತ್ತದೆ. ಪುಣೆಯ ರಾತ್ರಿ ಶಾಲೆ, ಪರೇಲಿನ ಕೋಣೆ, ಧಾರವಾಡದ ನಿಲಯ, ಇವೆಲ್ಲ ಹೇಳುವುದು ಒಂದೇ. ನಮಗೆ ಇಂಗ್ಲಿಷ್ ಬಂದದ್ದು ಶಾಲೆಯ ಹೊತ್ತಿನಲ್ಲಲ್ಲ, ಶಾಲೆ ಬಿಟ್ಟ ಮೇಲೆ ಯಾರೋ ನಮಗಾಗಿ ಕಾದಿಟ್ಟ ಹೊತ್ತಿನಲ್ಲಿ. ಆ ಹೊತ್ತನ್ನು ಈಗ ಊರವರ ಮಕ್ಕಳು ಟ್ಯೂಷನ್ ಅಂಗಡಿಗಳಲ್ಲಿ ದುಡ್ಡು ಕೊಟ್ಟು ಕೊಂಡುಕೊಳ್ಳುತ್ತಾರೆ. ನಮ್ಮವರಿಗೆ ಅದು ಬೊಕ್ಕಸದಿಂದಲೇ ಬರಬೇಕು. ಫುಲೆಯವರ ಲೆಕ್ಕದ ಪ್ರಕಾರ ಅದು ನಮ್ಮದೇ ದುಡ್ಡು.

ಸಂಘಟನೆಯ ಗೆಳೆಯರಲ್ಲಿ ನನ್ನದೊಂದು ಕೇಳಿಕೆ. ಹಾಸ್ಟೆಲುಗಳ ಮುಂದೆ ನಾವು ಧರಣಿ ಕೂತಿದ್ದೇವೆ, ಅನ್ನದಲ್ಲಿ ಹುಳ ಬಂದಾಗ, ಸೂರು ಸೋರಿದಾಗ. ಇನ್ನು ಮುಂದೆ ಸಂಜೆ ಆರು ಗಂಟೆಗೂ ಒಮ್ಮೆ ಹೋಗೋಣ. ಹಾಜರಿ ಪುಸ್ತಕ ತೆರೆಸಿ, ಇವತ್ತಿನ ಸಹಿ ಹಾಕಿದ ಮೇಷ್ಟ್ರು ಎಲ್ಲಿ ಎಂದು ಕೇಳೋಣ.