ನಂಜಿಯಮ್ಮ

ನಂಜಿಯಮ್ಮ ಕೇರಳದ ಪಾಲಕ್ಕಾಡ್ ಜಿಲ್ಲೆಯ ಅಟ್ಟಪ್ಪಾಡಿಯ ಜನಪದ ಗಾಯಕಿ. ಇವರು ಇರುಳ ಬುಡಕಟ್ಟಿಗೆ ಸೇರಿದವರು. 2020ರಲ್ಲಿ ತೆರೆಕಂಡ ಮಲಯಾಳಂ ಚಲನಚಿತ್ರ ‘ಅಯ್ಯಪ್ಪನುಂ ಕೋಶಿಯುಂ’ಗಾಗಿ ತಮ್ಮ ಮಾತೃಭಾಷೆಯಲ್ಲಿಯೇ ಹಾಡಿದ ‘ಕಲಕ್ಕಾತ್ತ’ ಗೀತೆಗೆ 68ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿಯನ್ನು ಪಡೆದರು. ಸ್ವಂತ ಲಿಪಿಯಿಲ್ಲದ ಭಾಷೆಯೊಂದರ ಹಾಡು, ಅದನ್ನು ಕಟ್ಟಿದವರ ಹೆಸರು ಮತ್ತು ಕಂಠದೊಡನೆಯೇ ಚಿತ್ರಸಂಗೀತವನ್ನು ಪ್ರವೇಶಿಸಿದ್ದು ಇವರ ಕೊಡುಗೆಯ ವೈಶಿಷ್ಟ್ಯ.

ಹಿನ್ನೆಲೆ

ಅಟ್ಟಪ್ಪಾಡಿಯು ಪಶ್ಚಿಮ ಘಟ್ಟದ ನಡುವೆ, ತಮಿಳುನಾಡಿನ ಗಡಿಗೆ ಹೊಂದಿಕೊಂಡಿರುವ ಗುಡ್ಡಗಾಡು ಪ್ರದೇಶ. ಭವಾನಿ ನದಿ ಇಲ್ಲಿ ಹರಿಯುತ್ತದೆ. ಇರುಳ, ಮುದುಗ ಮತ್ತು ಕುರುಂಬ ಸಮುದಾಯಗಳು ಇಲ್ಲಿನ ಮೂಲನಿವಾಸಿಗಳು. ಇರುಳ ಭಾಷೆಯು ತಮಿಳಿಗೆ ಹತ್ತಿರವಾದ ದಕ್ಷಿಣ ದ್ರಾವಿಡ ಭಾಷೆ. ಕರ್ನಾಟಕದಲ್ಲಿ ಈ ಸಮುದಾಯದವರನ್ನು ಇರುಳಿಗರು ಎಂದು ಕರೆಯುತ್ತಾರೆ.

ಇರುಳರ ಬದುಕಿನಲ್ಲಿ ಹಾಡು ಮತ್ತು ಕುಣಿತ ಹುಟ್ಟಿನಿಂದ ಸಾವಿನವರೆಗೂ ಜೊತೆಗಿರುತ್ತವೆ. ಪೆರೈ, ದವಿಲ್ ಎಂಬ ಚರ್ಮವಾದ್ಯಗಳು ಹಾಗೂ ಕೊಗಲ್ ಎಂಬ ಊದುವ ವಾದ್ಯ ಇವುಗಳಿಗೆ ಮೇಳವಾಗುತ್ತವೆ. ಆಡು ದನಗಳನ್ನು ಮೇಯಿಸುತ್ತ ಜೀವನ ಸಾಗಿಸಿದ ನಂಜಿಯಮ್ಮ ಈ ಹಾಡುಗಳನ್ನು ಹಿರಿಯರ ಬಾಯಿಂದ ಕೇಳಿ ಕಲಿತವರು. ಶಾಸ್ತ್ರೀಯ ಸಂಗೀತದ ಅಭ್ಯಾಸ ಮಾಡಿದವರಲ್ಲ. ಇರುಳ ಕಲಾವಿದ ಪಳನಿಸ್ವಾಮಿಯವರ ನೇತೃತ್ವದ ಆಜಾದ್ ಕಲಾಸಂಘದ ಮೂಲಕ ಇವರು ವೇದಿಕೆಗಳಲ್ಲಿ ಹಾಡತೊಡಗಿದರು.

ಚಲನಚಿತ್ರದಲ್ಲಿ

‘ಅಯ್ಯಪ್ಪನುಂ ಕೋಶಿಯುಂ’ ಚಿತ್ರದ ಕಥೆ ನಡೆಯುವುದು ಅಟ್ಟಪ್ಪಾಡಿಯಲ್ಲಿಯೇ. ನಿರ್ದೇಶಕ ಸಚಿ ಅವರು ಆ ನೆಲದ ದನಿಯನ್ನೇ ಚಿತ್ರಕ್ಕೆ ಬಳಸಿಕೊಂಡರು. ಜೇಕ್ಸ್ ಬಿಜೋಯ್ ಸಂಗೀತ ನಿರ್ದೇಶಕರು. ನಂಜಿಯಮ್ಮ ‘ಕಲಕ್ಕಾತ್ತ’ ಮತ್ತು ‘ದೈವಮಗಳೇ’ ಎಂಬ ಹಾಡುಗಳನ್ನು ಹಾಡಿದ್ದಲ್ಲದೆ ಚಿಕ್ಕ ಪಾತ್ರವೊಂದರಲ್ಲಿ ಅಭಿನಯಿಸಿದರು.

‘ಕಲಕ್ಕಾತ್ತ’ ಮೇಲುನೋಟಕ್ಕೆ ಸರಳವಾದ ಹಾಡು. ಹೂಬಿಟ್ಟ ಗಂಧದ ಮರವನ್ನೂ ಆಕಾಶದ ವಿಮಾನವನ್ನೂ ತೋರಿಸುವ ನೆಪದಲ್ಲಿ ಮಗುವನ್ನು ರಮಿಸುವುದು ಇದರ ವಸ್ತು. ಕಾಡಿನ ಮರದ ಪಕ್ಕದಲ್ಲಿಯೇ ವಿಮಾನವೂ ಬಂದಿರುವುದರಿಂದ, ಜನಪದ ಹಾಡು ಹಳೆಯದನ್ನಷ್ಟೇ ಹೇಳದೆ ಕಣ್ಣೆದುರಿನ ಹೊಸದನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತದೆ ಎಂಬುದು ತಿಳಿಯುತ್ತದೆ.

ಭಾರತೀಯ ಚಿತ್ರರಂಗದಲ್ಲಿ ಜನಪದ ಧಾಟಿಗಳ ಬಳಕೆ ಹೊಸತಲ್ಲ. ಆದರೆ ಸಾಮಾನ್ಯವಾಗಿ ಧಾಟಿಯನ್ನು ಮಾತ್ರ ತೆಗೆದುಕೊಂಡು, ಹೊಸ ಸಾಹಿತ್ಯ ಬರೆಸಿ, ವೃತ್ತಿಪರ ಗಾಯಕರಿಂದ ಹಾಡಿಸಲಾಗುತ್ತದೆ. ಮೂಲ ಹಾಡುಗಾರರ ಹೆಸರು ಎಲ್ಲಿಯೂ ಉಳಿಯುವುದಿಲ್ಲ. ‘ಕಲಕ್ಕಾತ್ತ’ ಗೀತೆಯಲ್ಲಿ ಭಾಷೆ ಬದಲಾಗಲಿಲ್ಲ. ಸಾಹಿತ್ಯ ಮತ್ತು ಗಾಯನ ಎರಡಕ್ಕೂ ನಂಜಿಯಮ್ಮನವರ ಹೆಸರೇ ದಾಖಲಾಯಿತು.

ಕನ್ನಡದಲ್ಲಿ ಹೋಲಿಕೆಗೆ ‘ಕಾಡು ಕುದುರೆ’ ಚಿತ್ರದ ಶೀರ್ಷಿಕೆ ಗೀತೆಯನ್ನು ನೋಡಬಹುದು. ಇದನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ದೊರೆಯಿತು. ಜಾನಪದದ ಸತ್ವವುಳ್ಳ ಆ ಗೀತೆ ಕವಿ ಚಂದ್ರಶೇಖರ ಕಂಬಾರರ ರಚನೆ. ಹಾಡಿದವರು ಸುಗಮ ಸಂಗೀತದ ಗಾಯಕರು. ನಂಜಿಯಮ್ಮನವರ ಹಾಡಾದರೋ ಸಮುದಾಯದ ಒಳಗಿನಿಂದಲೇ ಬಂದುದು.

ಪ್ರಶಸ್ತಿ ಮತ್ತು ಚರ್ಚೆ

ರಾಷ್ಟ್ರೀಯ ಪ್ರಶಸ್ತಿಗಳು 2022ರ ಜುಲೈ 22ರಂದು ಪ್ರಕಟವಾದವು. ಈ ಚಿತ್ರಕ್ಕೆ ಒಟ್ಟು 4 ಪ್ರಶಸ್ತಿಗಳು ಲಭಿಸಿದವು. ನಿರ್ದೇಶಕ ಸಚಿ 2020ರ ಜೂನ್ 18ರಂದೇ ನಿಧನರಾಗಿದ್ದರು. ನಂಜಿಯಮ್ಮ ತಮ್ಮ ಪ್ರಶಸ್ತಿಯನ್ನು ಅವರಿಗೆ ಅರ್ಪಿಸಿದರು. ಸೆಪ್ಟೆಂಬರ್ 30ರಂದು ದೆಹಲಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಪ್ರಶಸ್ತಿ ಪ್ರದಾನ ಮಾಡಿದರು.

ಪ್ರಶಸ್ತಿ ಘೋಷಣೆಯಾದ ಬಳಿಕ ಕೇರಳದಲ್ಲಿ ಚರ್ಚೆಯೊಂದು ಎದ್ದಿತು. ವರ್ಷಗಟ್ಟಲೆ ಸಾಧನೆ ಮಾಡಿದ, ಯಾವ ಶ್ರುತಿಯಲ್ಲಿಯಾದರೂ ಹಾಡಬಲ್ಲ ಗಾಯಕಿಯರಿರುವಾಗ ಶಿಕ್ಷಣವಿಲ್ಲದವರಿಗೆ ಈ ಗೌರವ ಸಲ್ಲಬೇಕೇ ಎಂಬ ಆಕ್ಷೇಪ ಕೇಳಿಬಂದಿತು. ಸಂಗೀತ ನಿರ್ದೇಶಕ ಅಲ್ಫೋನ್ಸ್ ಜೋಸೆಫ್ ಸೇರಿದಂತೆ ಅನೇಕರು ನಂಜಿಯಮ್ಮನವರ ಪರವಾಗಿ ನಿಂತರು. ಪ್ರಶಸ್ತಿಯು ಗಾಯಕರ ಅಭ್ಯಾಸದ ಅವಧಿಗಲ್ಲ, ಹಾಡಿದ ಹಾಡಿಗೆ ಸಲ್ಲುವಂಥದ್ದು ಎಂಬುದು ಬೆಂಬಲಿಗರ ವಾದವಾಗಿತ್ತು. ಶಾಸ್ತ್ರೀಯ ಸಂಗೀತದ ಅಳತೆಗೋಲಿನಿಂದ ಜನಪದ ಗಾಯನವನ್ನು ಅಳೆಯಬಹುದೇ ಎಂಬ ಪ್ರಶ್ನೆಯನ್ನು ಈ ಪ್ರಸಂಗ ಮುನ್ನೆಲೆಗೆ ತಂದಿತು.

ಕೀರ್ತಿಯಿಂದ ಬದುಕಿನ ಎಲ್ಲ ತೊಡಕುಗಳೂ ಬಗೆಹರಿಯಲಿಲ್ಲ. ಪತಿಯ ಕುಟುಂಬದ ಜಮೀನಿನ ಹಕ್ಕಿಗಾಗಿ ಇವರು ನಡೆಸಿದ ಹೋರಾಟವೂ ಕೇರಳದಲ್ಲಿ ಸುದ್ದಿಯಾಯಿತು.

ತೆಲುಗು ಅವತರಣಿಕೆ

ಈ ಚಿತ್ರವು 2022ರಲ್ಲಿ ‘ಭೀಮ್ಲಾ ನಾಯಕ್’ ಎಂಬ ಹೆಸರಿನಲ್ಲಿ ತೆಲುಗಿನಲ್ಲಿ ಪುನರ್ನಿರ್ಮಾಣಗೊಂಡಿತು. ಅದರಲ್ಲಿ ಕಿನ್ನೆರ ವಾದಕ ದರ್ಶನಂ ಮೊಗುಲಯ್ಯ ಮತ್ತು ಜನಪದ ಗಾಯಕಿ ಕುಮ್ಮರಿ ದುರ್ಗವ್ವ ಹಾಡಿದ್ದಾರೆ. ಅಟ್ಟಪ್ಪಾಡಿಯ ಹಾಡನ್ನು ತೆಲುಗಿಗೆ ಅನುವಾದಿಸುವ ಬದಲು ತೆಲಂಗಾಣದ ಜನಪದ ಕಂಠಗಳಿಗೆ ಅಲ್ಲಿ ಎಡೆ ದೊರೆಯಿತು.

ಪುರಸ್ಕಾರಗಳು

* ಕೇರಳ ರಾಜ್ಯ ಚಲನಚಿತ್ರ ಪ್ರಶಸ್ತಿ (2020ನೆಯ ಸಾಲು) – ತೀರ್ಪುಗಾರರ ವಿಶೇಷ ಪುರಸ್ಕಾರ
* 68ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ (2020ನೆಯ ಸಾಲು) – ಅತ್ಯುತ್ತಮ ಹಿನ್ನೆಲೆ ಗಾಯಕಿ