ಲೆಡ್ಜರಿನಿಂದ ಮೆಮೊರಿಗೆ: ರೈಲ್ವೆ ಟಿಕೆಟ್ಟಿನ ಚರಿತ್ರೆ

ಸೊಲ್ಲಾಪುರ, ಆದವಾನಿ, ಕಾಸರಗೋಡುಗಳ ಕನ್ನಡಿಗರಿಗೆ ರೈಲು ನಂಟಸ್ತಿಕೆಯ ಕೊಂಡಿ. ಆ ರೈಲಿನಲ್ಲೊಂದು ಬರ್ತ್ ದೊರಕುವ ಬಗೆ ನಾಲ್ಕು ದಶಕಗಳಲ್ಲಿ ಮಾರ್ಪಟ್ಟ ರೀತಿ ಅರಿಯತಕ್ಕದ್ದು.

ಹಿಂದೆ ಕಾಯ್ದಿರಿಸಿದ ಆಸನಗಳು ದಪ್ಪ ಲೆಡ್ಜರಿನಲ್ಲಿ ದಾಖಲಾಗುತ್ತಿದ್ದವು. ಮರಳಿ ಬರುವ ಪಯಣಕ್ಕೆ ಆ ಊರಿಗೆ ತಂತಿ ಕಳುಹಿಸಿ ಉತ್ತರಕ್ಕಾಗಿ ಕಾಯಬೇಕಿತ್ತು. ಎಂಬತ್ತರ ದಶಕದ ನಡುವೆ ದೆಹಲಿಯಲ್ಲಿ ಕಂಪ್ಯೂಟರ್ ಮುಂಗಡ ಕಾಯ್ದಿರಿಸುವಿಕೆ ಆರಂಭವಾಯಿತು. 1986ರಲ್ಲಿ ರೈಲ್ವೆ ಮಾಹಿತಿ ವ್ಯವಸ್ಥೆಗಳ ಕೇಂದ್ರ ‘ಕ್ರಿಸ್’ ಸ್ಥಾಪನೆಗೊಂಡಿತು. 1999ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಕೇಂದ್ರಗಳು ಒಂದೇ ಜಾಲದಲ್ಲಿ ಬೆಸೆದುಕೊಂಡವು. 2002ರ ಆಗಸ್ಟಿನಲ್ಲಿ ಅಂತರಜಾಲದ ಟಿಕೆಟ್ ಬಂತು.

ಆಗ ಹೊಸ ತೊಡಕು ತಲೆದೋರಿತು. ತತ್ಕಾಲ್ ವೇಳೆಯಲ್ಲಿ ಲಕ್ಷಾಂತರ ಮಂದಿ ಒಮ್ಮೆಲೇ ಬಾಗಿಲು ತಟ್ಟಿದರೆ, ಡಿಸ್ಕಿನಿಂದ ವಿವರ ಹುಡುಕಿ ತೆಗೆಯುವ ವ್ಯವಸ್ಥೆ ಏದುಸಿರು ಬಿಡುತ್ತಿತ್ತು. ಇದಕ್ಕೆ ದೊರೆತ ಪರಿಹಾರವೇ ಇನ್‌-ಮೆಮೊರಿ ಡೇಟಾ ಗ್ರಿಡ್. ಹೆಚ್ಚು ಖರ್ಚಾಗುವ ಸಾಮಾನನ್ನು ಅಂಗಡಿಯವನು ಗೋದಾಮಿನಲ್ಲಿಡದೆ ಕೈಯಳತೆಯಲ್ಲಿಡುವಂತೆ, ಪದೇ ಪದೇ ಬೇಕಾಗುವ ಮಾಹಿತಿಯನ್ನು ಹಲವು ಕಂಪ್ಯೂಟರುಗಳ ಮೆಮೊರಿಯಲ್ಲಿ ಹಂಚಿಡುವ ವಿಧಾನವಿದು. ವಿದ್ಯುತ್ ಹೋದರೆ ಮೆಮೊರಿ ಬರಿದಾಗುತ್ತದೆ. ಆದ್ದರಿಂದ ಪ್ರತಿ ಪಾಲಿನ ಪ್ರತಿಯೊಂದನ್ನು ಮತ್ತೊಂದು ಯಂತ್ರದಲ್ಲಿಯೂ, ಶಾಶ್ವತ ದಾಖಲೆಯನ್ನು ಡಿಸ್ಕಿನಲ್ಲಿಯೂ ಕಾಪಿಡುತ್ತಾರೆ.

ಮೆಮೊರಿ ಅಗ್ಗವಾದಂತೆ ಈ ಶತಮಾನದ ಮೊದಲ ದಶಕದಲ್ಲಿ ಟ್ಯಾಂಗೋಸಾಲ್ ಸಂಸ್ಥೆಯ ಕೊಹಿರೆನ್ಸ್, ಜೆಮ್‌ಸ್ಟೋನ್ ಸಂಸ್ಥೆಯ ಜೆಮ್‌ಫೈರ್ ಮುಂತಾದವು ಬಳಕೆಗೆ ಬಂದವು. ಬ್ಯಾಂಕು, ಷೇರುಪೇಟೆಗಳ ವ್ಯವಹಾರಕ್ಕೆ ಇವು ಒದಗಿದವು. 2014ರಲ್ಲಿ ನಮ್ಮ ರೈಲ್ವೆಯ ಹೊಸ ಇ-ಟಿಕೆಟ್ ವ್ಯವಸ್ಥೆ ಜೆಮ್‌ಫೈರನ್ನು ಅಳವಡಿಸಿಕೊಂಡಿತು; ನಿಮಿಷಕ್ಕೆ 2,000ದಷ್ಟಿದ್ದ ಟಿಕೆಟ್ ಸಾಮರ್ಥ್ಯ 7,200ಕ್ಕೆ ಏರಿತು. ಮರುವರ್ಷ ಜೆಮ್‌ಫೈರಿನ ತಿರುಳು ‘ಜಿಯೋಡ್’ ಎಂಬ ಹೆಸರಿನಲ್ಲಿ ಮುಕ್ತ ತಂತ್ರಾಂಶವಾಗಿ ಅಪಾಚೆ ಪ್ರತಿಷ್ಠಾನವನ್ನು ಸೇರಿತು. ದುಡ್ಡು ಖಾತೆ ದಾಟುವ ಕ್ಷಣದಲ್ಲೇ ವಂಚನೆಯನ್ನು ಗುರುತಿಸುವಂತಹ ಕಾರ್ಯಗಳಲ್ಲಿ ಇದರ ಮುಂದಿನ ಉಪಯೋಗ ಹಿರಿದು.

ಆದರೂ ಒಂದು ಮಾತು ನೆನಪಿರಬೇಕು. ಟಿಕೆಟ್ಟಿನ ವೇಗ ಮೂರೂವರೆ ಪಟ್ಟು ಹೆಚ್ಚಿತಾದರೂ ಅದರಿಂದ ಬೋಗಿಗೆ ಒಂದು ಬರ್ತೂ ಕೂಡಲಿಲ್ಲ. ವೇಗವಾದ ಸಂಪರ್ಕವುಳ್ಳವನು ಕ್ಷಣದಲ್ಲಿ ಗೆಲ್ಲುತ್ತಾನೆ. ಸಣ್ಣ ನಿಲ್ದಾಣದ ಕಿಟಕಿಯೆದುರು ಮುಂಜಾನೆಯಿಂದ ಸರದಿಯಲ್ಲಿ ನಿಂತ ಮುದುಕಿ ಹಿಂದುಳಿಯುತ್ತಾಳೆ. ಯಂತ್ರದ ನೆನಪು ಎಷ್ಟು ಚುರುಕಾದರೂ, ಯಾರ ಸರದಿ ಮೊದಲೆಂಬ ನ್ಯಾಯವನ್ನು ನಿರ್ಣಯಿಸಬೇಕಾದವರು ಮನುಷ್ಯರೇ. ಮುಂದಿನ ಅಳವಡಿಕೆಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.